ಸಂಧಿವಾತದ ಜೈವಿಕ ಔಷಧಗಳ ನಿರಪಾಯತಾ ವಿಚಾರ

ಔಷಧದ ವಿಷಯದಲ್ಲಿ ‘ನಿರಪಾಯ’ವೆಂಬ ಮಾತನ್ನು ಪ್ರಯೋಗಿಸುವುದಕ್ಕೆ ಮುಂಚೆ ಅದರ ಅರ್ಥವನ್ನು ನಿಶ್ಚಯಿಸಿಕೊಳ್ಳುವುದು ಯುಕ್ತ. ಅಪಾಯದ ಅತ್ಯಂತಾಭಾವವೇ ನಿರಪಾಯತೆಯೆಂದು ಹಿಡಿದರೆ ಅಂತಹ ಔಷಧವು ಲೋಕದಲ್ಲಿಯೇ ಇಲ್ಲ. ಅನ್ನೋದಕಗಳು ಸಹ ಆ ಲಕ್ಷಣಕ್ಕೆ ಒಳಪಡಲಾರವು. ರೋಗವನ್ನು ಅದರ ಪಾಡಿಗೆ ಬಿಟ್ಟರೆ ಒದಗುವ ಕೇಡಿಗಿಂತ ಔಷಧದಿಂದ ಒದಗುವ ಕೇಡು ಕಡಿಮೆಯಾಗಿರಬೇಕು. ಆ ಕೇಡು ಇಂಥದೆಂದು ಮುಂದಾಗಿ ತಿಳಿದಿರಬೇಕು. ತಿಳಿದುದನ್ನು ತಪ್ಪಿಸುವುದಕ್ಕೆ ಉಪಾಯವೂ ಇರಬೇಕು. ಈ ಮೂರೂ ಕೂಡಿದಲ್ಲಿ ನಿರಪಾಯವೆಂಬ ವ್ಯವಹಾರವು ಸಲ್ಲುತ್ತದೆ.

ರುಮಟಾಯ್ಡ್ ಸಂಧಿವಾತದ ಚಿಕಿತ್ಸೆಯಲ್ಲಿ 1998ರಿಂದೀಚೆಗೆ ಬಳಕೆಗೆ ಬಂದ ಜೈವಿಕ ಔಷಧಗಳನ್ನು ಕುರಿತು ಎರಡು ಪಕ್ಷಗಳು ಕೇಳಿಬರುತ್ತವೆ. ಅವು ಶರೀರದ ರಕ್ಷಣಾಶಕ್ತಿಯನ್ನೇ ಕುಗ್ಗಿಸುವುವಾದುದರಿಂದ ಮುಟ್ಟತಕ್ಕವಲ್ಲವೆಂಬುದು ಒಂದು ಪಕ್ಷ. ಸಜೀವ ಕೋಶಗಳಿಂದ ಹುಟ್ಟಿದುವಾದುದರಿಂದ ರಾಸಾಯನಿಕ ಔಷಧಗಳಂತೆ ಬಾಧಕವಲ್ಲವೆಂಬುದು ಇನ್ನೊಂದು. ಎರಡೂ ವಿಚಾರಸಹವಲ್ಲವೆಂಬುದು ಮುಂದೆ ವಿಶದವಾಗುವುದು.

ಮೊದಲು ರೋಗದ ಸ್ವರೂಪ. ಕನ್ನಡದಲ್ಲಿ ಸಂಧಿವಾತವೆಂಬ ಒಂದೇ ಶಬ್ದವು ಹಲವು ಬೇನೆಗಳಿಗೆ ಸಲ್ಲುತ್ತಿರುವುದರಿಂದ ತೊಡಕುಂಟಾಗಿದೆ. ಮುಪ್ಪಿನಲ್ಲಿ ಮೊಣಕಾಲಿನ ಕೀಲು ಸವೆದು ಬರುವ ನೋವು ಬೇರೆ. ಯೂರಿಕ್ ಆಮ್ಲವು ಹರಳುಗಟ್ಟಿ ಕಾಲಿನ ಹೆಬ್ಬೆರಳಿನಲ್ಲಿ ಒಮ್ಮೆಗೇ ಎದ್ದುಕೊಳ್ಳುವ ಗೌಟ್ ಬೇರೆ. ಇಲ್ಲಿ ವಿವಕ್ಷಿತವಾದ ರೋಗ ಬೇರೆ. ಇದರಲ್ಲಿ ಶರೀರವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯು ತನ್ನವೇ ಆದ ಸಂಧಿಗಳ ಒಳಪೊರೆಯನ್ನು ಹಗೆಯೆಂದು ಬಗೆದು ಅದರ ಮೇಲೆ ಬೀಳುತ್ತದೆ. ಎರಡು ಕೈಗಳ ಬೆರಳ ಗೆಣ್ಣುಗಳೂ ಮಣಿಕಟ್ಟುಗಳೂ ಸಮಸಮವಾಗಿ ಊದಿಕೊಳ್ಳುತ್ತವೆ. ಬೆಳಗ್ಗೆ ಎದ್ದ ಮೇಲೆ ಗಂಟೆಗಟ್ಟಲೆ ಕೀಲುಗಳು ಬಿಗಿದಿರುತ್ತವೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಮಡಿ ಹೆಚ್ಚು. ಉಪೇಕ್ಷಿಸಿದರೆ ಮೂಳೆಯು ಕೊರೆದುಹೋಗಿ ಬೆರಳುಗಳು ಓರೆಯಾಗುತ್ತವೆ. ಹೆರಳು ಹಾಕಿಕೊಳ್ಳುವುದು, ರೊಟ್ಟಿ ತಟ್ಟುವುದು, ಬೀಗದ ಕೈ ತಿರುಗಿಸುವುದು ಇವೇ ಅಸಾಧ್ಯವಾಗುತ್ತವೆ. ರೋಗವು ಕೀಲಿನಲ್ಲಿಯೇ ನಿಲ್ಲುವುದೂ ಇಲ್ಲ. ಹೃದಯವನ್ನೂ ಶ್ವಾಸಕೋಶವನ್ನೂ ಬಾಧಿಸಿ ಆಯುಸ್ಸನ್ನು ಕುಗ್ಗಿಸುತ್ತದೆ.

ಚರಕಸಂಹಿತೆಯಲ್ಲಿ ಪ್ರತ್ಯೇಕ ಅಧ್ಯಾಯವಿಲ್ಲದ ಆಮವಾತಕ್ಕೆ ಮಾಧವಕರನು ತನ್ನ ನಿದಾನಗ್ರಂಥದಲ್ಲಿ ಒಂದು ಅಧ್ಯಾಯವನ್ನು ಮೀಸಲಾಗಿಟ್ಟನು. ಅಲ್ಲಿ ಹೇಳಿರುವ ಕೈಕಾಲುಗಳ ಸಂಧಿಶೋಥ, ಜ್ವರ, ಅರುಚಿ ಮೊದಲಾದುವುಗಳನ್ನು ನೋಡಿ ಇದೇ ಅದು ಎನ್ನುವವರುಂಟು. ಸಾದೃಶ್ಯವಿರುವುದು ನಿಜ, ಆದರೆ ಸಾದೃಶ್ಯವು ಐಕ್ಯಕ್ಕೆ ಪ್ರಮಾಣವಲ್ಲ. ಗವಯವು ಗೋಸದೃಶವಾದ ಮಾತ್ರದಿಂದ ಗೋವಾಗದು. ರುಮಟಾಯ್ಡ್ ಎಂಬ ಈಗಿನ ಹೆಸರನ್ನು ಇಟ್ಟವನು ಲಂಡನ್ನಿನ ವೈದ್ಯನಾದ ಆಲ್‌ಫ್ರೆಡ್ ಗ್ಯಾರಡ್. ಅವನ ಗ್ರಂಥವು 1859ರಲ್ಲಿ ಹೊರಬಂದಿತು. ಬಂಗಾರದ ಲವಣಗಳ ಚುಚ್ಚುಮದ್ದು 1929ರಿಂದ ಪ್ರಚಾರಕ್ಕೆ ಬಂದಿತು. 1948ರಲ್ಲಿ ಅಮೆರಿಕದ ಫಿಲಿಪ್ ಹೆಂಚ್ ಎಂಬಾತನು ಕಾರ್ಟಿಸೋನನ್ನು ಪ್ರಯೋಗಿಸಿದನು. ವಾರಕ್ಕೊಮ್ಮೆ ಅಲ್ಪಪ್ರಮಾಣದಲ್ಲಿ ಕೊಡುವ ಮೆಥೋಟ್ರೆಕ್ಸೇಟಿಗೆ 1988ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಇಂದಿಗೂ ಚಿಕಿತ್ಸೆಯ ಮೊದಲ ಮೆಟ್ಟಿಲು ಈ ಮೆಥೋಟ್ರೆಕ್ಸೇಟೇ. ಅದರಿಂದ ರೋಗವು ಹತೋಟಿಗೆ ಬಾರದವರಿಗೆ ಜೈವಿಕ ಔಷಧದ ಪ್ರಸಕ್ತಿ.

‘ಜೈವಿಕ’ವೆಂಬ ಶಬ್ದದ ಮೇಲೆ ಎರಡು ಮಾತು ಅವಶ್ಯಕ. ಜೀವಿಗಳಿಂದ ಬಂದುದು ಎಂಬಷ್ಟೇ ಅರ್ಥವಾದರೆ ಸಿಂಕೋನಾ ತೊಗಟೆಯ ಕ್ವಿನೈನೂ ಬೂಷ್ಟಿನಿಂದ ಬಂದ ಪೆನಿಸಿಲಿನ್ನೂ ಜೈವಿಕವೇ ಆಗಬೇಕು, ಹಾಗೆ ವ್ಯವಹಾರವಿಲ್ಲ. ಪಂಕಜಶಬ್ದವು ಕೆಸರಿನಲ್ಲಿ ಹುಟ್ಟಿದುದನ್ನೆಲ್ಲ ಹೇಳದೆ ತಾವರೆಯನ್ನು ಮಾತ್ರ ಹೇಳುವಂತೆ ಇದೂ ಯೋಗರೂಢವಾದುದು. ಬೇಕಾದ ಜೀನನ್ನು ಸೇರಿಸಿದ ಸಜೀವ ಕೋಶಗಳನ್ನು ದೊಡ್ಡ ದೊಡ್ಡ ಪಾತ್ರೆಗಳಲ್ಲಿ ಬೆಳೆಸಿ, ಅವು ಸ್ರವಿಸುವ ಮಹಾಕಾಯವಾದ ಪ್ರೋಟೀನನ್ನು ಶೋಧಿಸಿ ತೆಗೆದುದೇ ಜೈವಿಕ ಔಷಧ. ಆಸ್ಪಿರಿನ್ನಿನ ಒಂದು ಅಣುವಿನಲ್ಲಿ 21 ಪರಮಾಣುಗಳಿದ್ದರೆ ಇಂತಹ ಪ್ರತಿಕಾಯದ ಒಂದು ಅಣುವಿನಲ್ಲಿ ಸುಮಾರು ಇಪ್ಪತ್ತು ಸಾವಿರ ಪರಮಾಣುಗಳಿರುತ್ತವೆ. ನುಂಗಿದರೆ ಬೇಳೆಯಂತೆ ಜೀರ್ಣವಾಗಿ ಹೋಗುವುದರಿಂದ ಇದನ್ನು ಚರ್ಮದಡಿಗೆ ಚುಚ್ಚಿಯೋ ರಕ್ತನಾಳದಲ್ಲಿ ಹರಿಯಿಸಿಯೋ ಕೊಡಬೇಕು. ಜೀವದಿಂದ ಹುಟ್ಟಿದುದು ಸೌಮ್ಯವೆಂಬ ಊಹೆಗೆ ಮಾತ್ರ ಯಾವ ಆಧಾರವೂ ಇಲ್ಲ. ಹಾವಿನ ವಿಷವೂ ಜೀವದಿಂದಲೇ ಹುಟ್ಟುತ್ತದೆ.

ಈ ಔಷಧಗಳ ಹೆಸರುಗಳು ಕಿವಿಗೆ ಕರ್ಕಶವಾದರೂ ಅವುಗಳಿಗೆ ಒಂದು ವ್ಯಾಕರಣವುಂಟು. ಕೃತ್ತದ್ಧಿತಗಳನ್ನು ಬಲ್ಲವರಿಗೆ ಅದು ರುಚಿಸದಿರದು. ಲೋಕಾರೋಗ್ಯ ಸಂಸ್ಥೆಯು ವಿಧಿಸಿದ ಕ್ರಮದಂತೆ ‘ಮ್ಯಾಬ್’ ಎಂಬ ಪ್ರತ್ಯಯವು ಏಕವಂಶದ ಪ್ರತಿಕಾಯವನ್ನೂ, ‘ಸೆಪ್ಟ್’ ಎಂಬುದು ಗ್ರಾಹಕದ ಅಂಶದಿಂದ ರಚಿಸಿದುದನ್ನೂ ಹೇಳುತ್ತದೆ. ಮ್ಯಾಬಿನ ಹಿಂದೆ ‘ಕ್ಸಿ’ ಬಂದರೆ ಇಲಿಯ ಅಂಶವೂ ಮನುಷ್ಯನ ಅಂಶವೂ ಬೆರೆತುದು. ‘ಜು’ ಬಂದರೆ ಇಲಿಯ ಅಂಶವು ಬಹಳ ಅಲ್ಪವಾಗಿ ಉಳಿದುದು. ‘ಉ’ ಬಂದರೆ ಪೂರ್ತಿ ಮಾನುಷವಾದುದು. ಅದಕ್ಕೂ ಹಿಂದಿನ ‘ಲಿ’ ಎಂಬುದು ರೋಗನಿರೋಧಕ ವ್ಯವಸ್ಥೆಯನ್ನೂ ‘ಟು’ ಎಂಬುದು ಗಂತಿಯನ್ನೂ ಸೂಚಿಸುವುದು. ಆದಕಾರಣ ಇನ್‌ಫ್ಲಿಕ್ಸಿಮ್ಯಾಬ್ ಮಿಶ್ರಜಾತಿಯದೆಂದೂ, ಟೋಸಿಲಿಜುಮ್ಯಾಬ್ ಬಹುಮಟ್ಟಿಗೆ ಮಾನುಷವೆಂದೂ, ಅಡಾಲಿಮುಮ್ಯಾಬ್ ಪೂರ್ತಿ ಮಾನುಷವೆಂದೂ, ರಿಟುಕ್ಸಿಮ್ಯಾಬ್ ಮೊದಲು ಅರ್ಬುದಕ್ಕಾಗಿ ಹುಟ್ಟಿದುದೆಂದೂ ಹೆಸರಿನಿಂದಲೇ ತಿಳಿಯುವುದು. 2017ರಲ್ಲಿ ಮೂಲಸೂಚಕವಾದ ಅಕ್ಷರಗಳನ್ನೂ, 2021ರಲ್ಲಿ ಹೊಸ ಹೆಸರುಗಳ ಮಟ್ಟಿಗೆ ಮ್ಯಾಬ್ ಪ್ರತ್ಯಯವನ್ನೂ ಕೈಬಿಟ್ಟಿರುವರು. ಹಳೆಯ ಹೆಸರುಗಳು ಹಾಗೆಯೇ ಉಳಿದಿವೆ. ಇದು ಬರಿಯ ಶಬ್ದವಿನೋದವಲ್ಲ. ಅನ್ಯಜಾತಿಯ ಅಂಶವು ಹೆಚ್ಚಿದಷ್ಟೂ ಶರೀರವು ಔಷಧದ ಮೇಲೆಯೇ ಪ್ರತಿಕಾಯವನ್ನು ಹೂಡುವ ಸಂಭವ ಹೆಚ್ಚು. ಅದರಿಂದ ಔಷಧವು ನಿಷ್ಫಲವಾಗುವುದಲ್ಲದೆ, ರಕ್ತನಾಳದಲ್ಲಿ ಹರಿಯಿಸುವಾಗ ನಡುಕ, ದದ್ದು, ಉಸಿರುಕಟ್ಟು ಇವೂ ತಲೆದೋರಬಹುದು. ಜತೆಯಲ್ಲಿ ಮೆಥೋಟ್ರೆಕ್ಸೇಟನ್ನು ಕೊಟ್ಟರೆ ಈ ಪ್ರತಿಕ್ರಿಯೆ ತಗ್ಗುತ್ತದೆ. ಪೂರ್ತಿ ಮಾನುಷವಾದ ಅಡಾಲಿಮುಮ್ಯಾಬಿನ ಮೇಲೆಯೂ ಕೆಲವರಲ್ಲಿ ಪ್ರತಿಕಾಯಗಳು ಹುಟ್ಟುವುದನ್ನು ನೋಡಿದರೆ ಹೆಸರಿನ ಸಾಕ್ಷ್ಯಕ್ಕೂ ಮಿತಿಯುಂಟೆಂದು ತಿಳಿಯತಕ್ಕುದು.

ಇನ್ನು ಪ್ರಕೃತ ವಿಷಯದ ಮೂಲಕ್ಕೆ ಬರಬೇಕು. ಶರೀರದ ಕೋಶಗಳು ಒಂದಕ್ಕೊಂದು ಸಂದೇಶವನ್ನು ಕಳುಹಿಸುವುದಕ್ಕಾಗಿ ಸ್ರವಿಸುವ ಪ್ರೋಟೀನುಗಳಲ್ಲಿ ಟಿ.ಎನ್.ಎಫ್. ಎಂಬುದೊಂದು. 1975ರಲ್ಲಿ ನ್ಯೂಯಾರ್ಕಿನ ವಿಜ್ಞಾನಿಗಳು ಇಲಿಗಳ ಗಂತಿಗಳನ್ನು ಇದು ನಾಶಪಡಿಸುವುದನ್ನು ಕಂಡು ‘ಗಂತಿಯನ್ನು ಕೊಲ್ಲುವ ಅಂಶ’ವೆಂಬ ಅರ್ಥದ ಹೆಸರನ್ನಿಟ್ಟರು. ಸಂಧಿವಾತದಿಂದ ಊದಿದ ಕೀಲಿನಲ್ಲಿ ಇದು ಹೇರಳವಾಗಿರುವುದನ್ನೂ, ಇದನ್ನು ತಡೆದರೆ ಉರಿಯೂತವನ್ನು ಬೆಳೆಸುವ ಇತರ ಸಂದೇಶಕಗಳೂ ಅಡಗುವುದನ್ನೂ ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ ಎಂಬವರು ತೋರಿಸಿಕೊಟ್ಟರು. ಮುಂದೆ ಇನ್‌ಫ್ಲಿಕ್ಸಿಮ್ಯಾಬ್ ಎಂದು ಹೆಸರಾದ ಪ್ರತಿಕಾಯವನ್ನು 1992ರಲ್ಲಿ ಅಲ್ಲಿಯ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ 20 ರೋಗಿಗಳಿಗೆ ಕೊಡಲಾಯಿತು. ಬೇರೆ ಯಾವುದಕ್ಕೂ ಬಗ್ಗದ ಅವರ ನೋವೂ ಬಾವೂ ಬೇಗನೆ ಇಳಿದುವು. ಔಷಧವನ್ನು ನಿಲ್ಲಿಸಿದ ಮೇಲೆ ರೋಗವು ಮರುಕಳಿಸಿತೆಂಬುದೂ ಅಷ್ಟೇ ಗಮನಾರ್ಹ. ಇದು ಮೂಲೋಚ್ಛೇದವಲ್ಲ, ತಡೆ. 73 ರೋಗಿಗಳ ಮೇಲೆ ನಡೆದ ಮುಂದಿನ ಪರೀಕ್ಷೆಯ ಫಲವು 1994ರಲ್ಲಿ ಪ್ರಕಟವಾಯಿತು. 428 ರೋಗಿಗಳ ಪರೀಕ್ಷೆಯ ಫಲವು 1999ರಲ್ಲಿ. ಅಮೆರಿಕದಲ್ಲಿ ಈ ರೋಗಕ್ಕೆ 1998ರಲ್ಲಿ ಎಟನರ್ಸೆಪ್ಟಿಗೂ 1999ರಲ್ಲಿ ಇನ್‌ಫ್ಲಿಕ್ಸಿಮ್ಯಾಬಿಗೂ 2002ರ ಕೊನೆಯಲ್ಲಿ ಅಡಾಲಿಮುಮ್ಯಾಬಿಗೂ ಅನುಮತಿ ದೊರೆಯಿತು.

ಇಲ್ಲಿ ಪ್ರಮಾಣವಿಚಾರವು ಪ್ರಾಪ್ತವಾಗುತ್ತದೆ. ನೂರಾರು ಜನರಲ್ಲಿ ಪರೀಕ್ಷಿಸಿ ದೊಡ್ಡ ಕೇಡೇನೂ ಕಾಣದಿದ್ದರೆ ಕೇಡಿಲ್ಲವೆಂದು ಹೇಳಬಹುದೆ? ಭಾಟ್ಟಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯನ್ನು, ಅಂದರೆ ಕಾಣದಿರುವಿಕೆಯನ್ನು, ಅಭಾವಕ್ಕೆ ಪ್ರಮಾಣವೆಂದು ಒಪ್ಪಿದರೂ ಅದಕ್ಕೆ ‘ಯೋಗ್ಯ’ವೆಂಬ ವಿಶೇಷಣವನ್ನು ಸೇರಿಸಿರುವರು. ಬೆಳಕಿರುವ ಕೋಣೆಯಲ್ಲಿ ಗಡಿಗೆಯು ಕಾಣದಿದ್ದರೆ ಗಡಿಗೆಯಿಲ್ಲ. ಕತ್ತಲ ಕೋಣೆಯಲ್ಲಿ ಕಾಣದಿದ್ದರೆ ಏನನ್ನೂ ಹೇಳುವಂತಿಲ್ಲ. ಇದ್ದಿದ್ದರೆ ಕಾಣಲೇಬೇಕಾಗಿದ್ದ ಸ್ಥಿತಿಯಲ್ಲಿ ಕಾಣದಿದ್ದುದು ಮಾತ್ರ ಪ್ರಮಾಣ. ಎರಡು ಸಾವಿರಕ್ಕೆ ಒಬ್ಬನಿಗೆ ಒದಗುವ ಕೇಡನ್ನು 428 ಜನರ ಪರೀಕ್ಷೆಯಲ್ಲಿ ಹುಡುಕುವುದು ಕತ್ತಲ ಕೋಣೆಯಲ್ಲಿ ಗಡಿಗೆಯನ್ನು ಹುಡುಕಿದಂತೆಯೇ ಸರಿ. ಔಷಧಕ್ಕೆ ಅನುಮತಿ ದೊರೆತುದರಿಂದ ಅದರ ಗುಣವು ಸಿದ್ಧವಾಯಿತೆನ್ನಬಹುದು, ದೋಷಾಭಾವವು ಸಿದ್ಧವಾಯಿತೆನ್ನಲಾಗದು.

ಹಾಗೆಯೇ ಆಯಿತು. 2001ರ ಅಕ್ಟೋಬರಿನಲ್ಲಿ ಅಮೆರಿಕದ ವೈದ್ಯಪತ್ರಿಕೆಯೊಂದರಲ್ಲಿ ಜೋಸೆಫ್ ಕೀನ್ ಮತ್ತು ಸಂಗಡಿಗರು ಒಂದು ವರದಿಯನ್ನು ಪ್ರಕಟಿಸಿದರು. ಇನ್‌ಫ್ಲಿಕ್ಸಿಮ್ಯಾಬನ್ನು ತೆಗೆದುಕೊಂಡವರಲ್ಲಿ 70 ಮಂದಿಗೆ ಕ್ಷಯರೋಗವು ತಲೆದೋರಿತ್ತು. ಆ ವೇಳೆಗೆ ಲೋಕದಲ್ಲಿ ಆ ಔಷಧವನ್ನು ಪಡೆದವರು ಸುಮಾರು 1,47,000 ಮಂದಿ. ಎಂದರೆ ವರದಿಯಾದವಷ್ಟೇ ಲೆಕ್ಕಕ್ಕೆ ಬಂದರೂ 2,100ಕ್ಕೆ ಒಬ್ಬರು. 48 ಮಂದಿಗೆ ಮೂರು ಸಲ ಅಥವಾ ಅದಕ್ಕೂ ಕಡಿಮೆ ಸಲ ಔಷಧವು ಹರಿದ ಮಾತ್ರದಲ್ಲಿಯೇ ರೋಗವು ಕಾಣಿಸಿಕೊಂಡಿತು. 64 ಪ್ರಕರಣಗಳು ಕ್ಷಯವು ವಿರಳವಾದ ದೇಶಗಳಿಂದಲೇ ಬಂದವು. ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಕ್ಷಯವು ಶ್ವಾಸಕೋಶವನ್ನು ಮೀರಿ ಬೇರೆ ಅಂಗಗಳಿಗೆ ತಗುಲಿತ್ತು. ಸುಮಾರು ಕಾಲುಭಾಗದವರಲ್ಲಿ ಶರೀರದಲ್ಲೆಲ್ಲ ಹರಡಿತ್ತು. ಸಾಮಾನ್ಯ ಕ್ಷಯದ ನಡೆ ಹೀಗಲ್ಲ.

ಇದಕ್ಕೆ ಕಾರಣವು ಆಕಸ್ಮಿಕವಾದುದಲ್ಲ, ಔಷಧದ ಗುಣದಲ್ಲಿಯೇ ಅಡಗಿರುವುದು. ಕ್ಷಯದ ಕ್ರಿಮಿಯು ಒಳಹೊಕ್ಕ ಬಹುಮಂದಿಯಲ್ಲಿ ರೋಗವಾಗಿ ಬೆಳೆಯುವುದಿಲ್ಲ. ರಕ್ಷಕಕೋಶಗಳು ಅದನ್ನು ಸುತ್ತುಗಟ್ಟಿ ಗ್ರಾನ್ಯುಲೋಮವೆಂಬ ಸಣ್ಣ ಗಂಟಿನೊಳಗೆ ಸೆರೆಯಿಟ್ಟುಬಿಡುತ್ತವೆ. ಕ್ರಿಮಿ ಸಾಯುವುದಿಲ್ಲ, ಹೊರಗೆ ಬರುವುದೂ ಇಲ್ಲ, ವರ್ಷಾನುಗಟ್ಟಲೆ ಅಲ್ಲಿಯೇ ಬಿದ್ದಿರುತ್ತದೆ. ಈ ಸೆರೆಮನೆಯ ಗೋಡೆಯನ್ನು ಕಟ್ಟುವುದಕ್ಕೂ ಕಟ್ಟಿದುದನ್ನು ನಿಲ್ಲಿಸುವುದಕ್ಕೂ ಟಿ.ಎನ್.ಎಫ್. ಬೇಕೇ ಬೇಕು. ಟಿ.ಎನ್.ಎಫ್. ಕೆಲಸಮಾಡದಂತೆ ತಡೆದ ಇಲಿಗಳು ಕ್ಷಯವನ್ನು ತಡೆದುಕೊಳ್ಳಲಾರದೆ ಸಾಯುವುದನ್ನು 1995ರಲ್ಲಿಯೇ ಪ್ರಯೋಗಶಾಲೆಯಲ್ಲಿ ಕಂಡಿದ್ದರು. ಕೀಲನ್ನು ಸುಡುತ್ತಿರುವ ವಸ್ತುವೂ ಕ್ಷಯವನ್ನು ಸೆರೆಯಲ್ಲಿಟ್ಟಿರುವ ಕಾವಲುಗಾರನೂ ಒಂದೇ ಆಗಿರುವಲ್ಲಿ, ಒಂದನ್ನು ತೆಗೆದು ಇನ್ನೊಂದನ್ನು ಉಳಿಸುವುದು ಔಷಧದ ಕೈಯಲ್ಲಿಲ್ಲ. ಗುಣವೂ ದೋಷವೂ ಇಲ್ಲಿ ಎರಡು ಧರ್ಮಗಳಲ್ಲ. ಒಂದೇ ಕ್ರಿಯೆಯು ಎರಡು ಸ್ಥಾನಗಳಲ್ಲಿ ಎರಡಾಗಿ ತೋರುವುದು. ಆದ್ದರಿಂದ ಔಷಧವನ್ನು ಎಷ್ಟು ಶುದ್ಧಿಗೊಳಿಸಿದರೂ ಈ ದೋಷವು ಹೋಗದು. ಉಪಾಯವು ಔಷಧದಲ್ಲಿಲ್ಲ, ರೋಗಿಯ ಪೂರ್ವಪರೀಕ್ಷೆಯಲ್ಲಿದೆ.

ಈ ಉಪಾಯವು ಬರಿಯ ಊಹೆಯಲ್ಲವೆಂಬುದನ್ನು ಸ್ಪೇನ್ ದೇಶದ ಅನುಭವವು ತೋರಿಸುತ್ತದೆ. ಅಲ್ಲಿಯ ಸಂಧಿರೋಗತಜ್ಞರ ಸಂಘವು 2000ದಲ್ಲಿ ಒಂದು ದಾಖಲೆಯನ್ನು ತೆರೆದು, ಜೈವಿಕ ಔಷಧವನ್ನು ಪಡೆದವರಿಗೆ ಏನೇನಾಯಿತೆಂದು ಬರೆದಿಡತೊಡಗಿತು. ಕ್ಷಯವು ಹೆಚ್ಚಿದುದನ್ನು ಕಂಡು 2002ರಲ್ಲಿ ವಿಧಿಗಳನ್ನು ಹೊರಡಿಸಿತು: ಔಷಧಕ್ಕೆ ಮುಂಚೆ ಎಲ್ಲರಿಗೂ ಚರ್ಮಪರೀಕ್ಷೆ, ಎದೆಯ ಕ್ಷಕಿರಣಚಿತ್ರ, ಅಡಗಿದ ಸೋಂಕಿನ ಗುರುತು ಸಿಕ್ಕಿದವರಿಗೆ ಮೊದಲು ಐಸೋನಿಯಜಿಡ್ ಚಿಕಿತ್ಸೆ. ಅನಂತರದಲ್ಲಿ ಕ್ಷಯದ ಪ್ರಮಾಣವು ಐದರಲ್ಲಿ ನಾಲ್ಕು ಪಾಲಿನಷ್ಟು ಇಳಿದುಹೋಯಿತು. ಮುಂದೆ 2007ರಲ್ಲಿ ಪ್ರಕಟವಾದ ಗಣನೆಯಂತೆ ಆ ವಿಧಿಗಳನ್ನು ಪೂರ್ತಿ ಪಾಲಿಸದೆ ಇದ್ದಲ್ಲಿ ಕ್ಷಯವು ತಲೆದೋರುವ ಸಂಭವವು ಏಳು ಮಡಿ. ವಿಧಿಯಿದ್ದಲ್ಲಿ ಕೇಡಿಲ್ಲ, ವಿಧಿಯಿಲ್ಲದಲ್ಲಿ ಕೇಡುಂಟು ಎಂಬ ಅನ್ವಯವ್ಯತಿರೇಕಗಳೆರಡೂ ಇಲ್ಲಿ ದೊರೆಯುತ್ತವೆ.

ಬ್ರಿಟನ್ನಿನ ದಾಖಲೆಯು 2001ರಲ್ಲಿ ಆರಂಭವಾದುದು. 2010ರಲ್ಲಿ ಪ್ರಕಟವಾದ ಅದರ ಲೆಕ್ಕದಂತೆ, ಒಂದು ಲಕ್ಷ ಮಂದಿಯು ಒಂದು ವರ್ಷ ಔಷಧದ ಮೇಲಿದ್ದರೆ ಅಡಾಲಿಮುಮ್ಯಾಬಿನಿಂದ 144, ಇನ್‌ಫ್ಲಿಕ್ಸಿಮ್ಯಾಬಿನಿಂದ 136, ಎಟನರ್ಸೆಪ್ಟಿನಿಂದ 39 ಮಂದಿಗೆ ಕ್ಷಯ. ಎಟನರ್ಸೆಪ್ಟ್ ಪ್ರತಿಕಾಯವಲ್ಲ, ಗ್ರಾಹಕದ ತುಂಡು. ಕೋಶದ ಮೈಗೆ ಅಂಟಿಕೊಂಡಿರುವ ಟಿ.ಎನ್.ಎಫ್.ನ ಮೇಲೆ ಅದರ ಹಿಡಿತ ಸಡಿಲವೆಂದು ಕೆಲವರು ಕಾರಣ ಹೇಳುವರು. ಆ ಚರ್ಚೆ ಇನ್ನೂ ಮುಗಿದಿಲ್ಲ. ಆ ದಾಖಲೆಯ 40 ಕ್ಷಯರೋಗಿಗಳಲ್ಲಿ 13 ಮಂದಿಗೆ ಔಷಧವನ್ನು ನಿಲ್ಲಿಸಿದ ಮೇಲೆ ರೋಗವು ತೋರಿತು. ಬಿಳಿಯರಲ್ಲದವರಿಗೆ ಬಿಳಿಯರಿಗಿಂತ ಆರು ಮಡಿ ಹೆಚ್ಚಿನ ಸಂಭವ ಕಂಡಿತು. ವರ್ಣವು ಇದಕ್ಕೆ ಕಾರಣವಾಗಿರಲಾರದು. ಕ್ಷಯವು ಹೆಚ್ಚಾಗಿರುವ ದೇಶಗಳಲ್ಲಿ ಹುಟ್ಟಿ ಬೆಳೆದಾಗಲೋ ಅಲ್ಲಿಂದ ಬಂದವರೊಡನೆ ಬಾಳಿದಾಗಲೋ ತಗುಲಿದ ಸೋಂಕೇ ಕಾರಣವೆಂಬುದು ಹೆಚ್ಚು ಯುಕ್ತ.

ಈ ಮಾತು ಭರತಖಂಡಕ್ಕೆ ಎಷ್ಟು ಹತ್ತಿರದ್ದೆಂಬುದನ್ನು ವಿವರಿಸಬೇಕಾಗಿಲ್ಲ. ಲೋಕದ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗದವರು ಇಲ್ಲಿಯವರು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ 15 ವರ್ಷಕ್ಕೆ ಮೇಲ್ಪಟ್ಟವರ ಪೈಕಿ ಶೇಕಡಾ 31ರಷ್ಟು ಮಂದಿಯಲ್ಲಿ ಅಡಗಿದ ಸೋಂಕು ಕಂಡುಬಂದಿತು. ಸ್ಪೇನಿನಲ್ಲಿ ಹುಡುಕಿ ತೆಗೆಯಬೇಕಾದುದು ಇಲ್ಲಿ ಮೂವರಲ್ಲಿ ಹತ್ತಿರ ಹತ್ತಿರ ಒಬ್ಬರಲ್ಲಿರುವುದು. ಪರೀಕ್ಷೆಗಳೂ ಇಲ್ಲಿ ಅಷ್ಟು ಸರಳವಲ್ಲ. ಮಾಂಟೂ ಪರೀಕ್ಷೆಯಲ್ಲಿ ಮುಂಗೈಯ ಚರ್ಮವು ಗಡುಸಾಗಿ ಏಳುವುದನ್ನು ಅಳೆಯುವರು. ಹುಟ್ಟಿದಾಗ ಹಾಕಿಸಿದ ಬಿ.ಸಿ.ಜಿ. ಲಸಿಕೆಯಿಂದಲೂ ಅದು ಏಳಬಹುದು. ಅದಕ್ಕೆ ವಿರುದ್ಧವಾಗಿ, ಸ್ಟೀರಾಯ್ಡಿನ ಗುಳಿಗೆಗಳನ್ನು ನುಂಗುತ್ತಿರುವ ರೋಗಿಯಲ್ಲಿ ಸೋಂಕಿದ್ದರೂ ಏಳದಿರಬಹುದು. ರಕ್ತವನ್ನು ತೆಗೆದು ಮಾಡುವ ಇಂಟರ್‌ಫೆರಾನ್ ಪರೀಕ್ಷೆಗೆ ಬಿ.ಸಿ.ಜಿ.ಯ ಬಾಧೆಯಿಲ್ಲ, ಸ್ಟೀರಾಯ್ಡಿನ ಬಾಧೆ ಅದಕ್ಕೂ ಉಂಟು. ಆದ್ದರಿಂದ ಎರಡನ್ನೂ ಎದೆಯ ಚಿತ್ರವನ್ನೂ, ಮನೆಯಲ್ಲಿ ಯಾರಿಗಾದರೂ ಕ್ಷಯವಿದ್ದಿತೇ ಎಂಬ ಪ್ರಶ್ನೆಯನ್ನೂ ಕೂಡಿಸಿ ನಿರ್ಣಯಿಸುವುದು ಮೇಲು. ಕೊನೆಯ ಪ್ರಶ್ನೆಗೆ ಕಾಸಿನ ಖರ್ಚಿಲ್ಲ. ಆದರೂ ಸಂಕೋಚದಿಂದ ಉತ್ತರವನ್ನು ಮರೆಸುವುದುಂಟು.

ಸೋಂಕು ಕಂಡರೆ ಆರು ತಿಂಗಳು ಐಸೋನಿಯಜಿಡನ್ನು ಕೊಡುವುದು, ಅಥವಾ ವಾರಕ್ಕೊಮ್ಮೆಯಂತೆ 12 ವಾರ ಐಸೋನಿಯಜಿಡ್ ಮತ್ತು ರಿಫಾಪೆಂಟೀನುಗಳನ್ನು ಕೂಡಿಸಿ ಕೊಡುವುದು ಈಗ ರೂಢಿಯಲ್ಲಿರುವ ಕ್ರಮಗಳು. ಭಾರತ ಸರ್ಕಾರದ ಕ್ಷಯನಿರ್ಮೂಲನ ಕಾರ್ಯಕ್ರಮವು 2021ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಟಿ.ಎನ್.ಎಫ್. ತಡೆಗಳನ್ನು ಪಡೆಯುವವರನ್ನೂ ಈ ಮುನ್ನೆಚ್ಚರಿಕೆಯ ಚಿಕಿತ್ಸೆಗೆ ಸೇರಿಸಿದೆ. ಇದನ್ನು ಆರಂಭಿಸಿ ಒಂದು ತಿಂಗಳಾದರೂ ಕಳೆದ ಮೇಲೆ ಜೈವಿಕ ಔಷಧವನ್ನು ಮೊದಲುಮಾಡುವರು. ಐಸೋನಿಯಜಿಡೂ ಮೆಥೋಟ್ರೆಕ್ಸೇಟೂ ಯಕೃತ್ತಿಗೆ ಭಾರವಾದುವಾದುದರಿಂದ ಎರಡೂ ಕೂಡಿದಾಗ ರಕ್ತಪರೀಕ್ಷೆಯನ್ನು ತಪ್ಪಿಸಕೂಡದು. ಇನ್ನೊಂದು ವಿಶೇಷವುಂಟು. ಐರೋಪ್ಯರಲ್ಲಿ ಕ್ಷಯವು ಹಳೆಯ ಸೋಂಕು ಎಚ್ಚರಗೊಂಡು ಬರುವುದೇ ಹೆಚ್ಚು. ಇಲ್ಲಿ ಬಸ್ಸಿನಲ್ಲಿಯೋ ಕಚೇರಿಯಲ್ಲಿಯೋ ಮನೆಯಲ್ಲಿಯೋ ಹೊಸದಾಗಿಯೂ ತಗುಲಬಹುದು. ಆದುದರಿಂದ ಮೊದಲ ಪರೀಕ್ಷೆಯಲ್ಲಿ ಗೆದ್ದವರು ಕೊನೆಯವರೆಗೂ ಗೆದ್ದವರಲ್ಲ. ಕೆಮ್ಮಿಲ್ಲದೆ ಬರಿಯ ಸಂಜೆಜ್ವರ, ತೂಕ ಇಳಿಯುವುದು, ಕುತ್ತಿಗೆಯ ಗಂಟು, ಹೊಟ್ಟೆ ಉಬ್ಬರ, ಬೆನ್ನುಮೂಳೆಯ ನೋವು ಇವು ತೋರಿದರೂ ಸಂದೇಹಪಡತಕ್ಕದ್ದು.

ಕ್ಷಯವನ್ನು ಬಿಟ್ಟು ಇತರ ಸೋಂಕುಗಳ ವಿಷಯ. ಬ್ರಿಟನ್ನಿನ ದಾಖಲೆಯನ್ನು ಆಧರಿಸಿ 2011ರಲ್ಲಿ ಪ್ರಕಟವಾದ ಲೆಕ್ಕವು ಹೀಗಿದೆ: ಆಸ್ಪತ್ರೆಗೆ ಸೇರಬೇಕಾಗುವಂತಹ ಗುರುತರವಾದ ಸೋಂಕು ಟಿ.ಎನ್.ಎಫ್. ತಡೆಗಳನ್ನು ಪಡೆಯುವ ಸಾವಿರ ಮಂದಿಯಲ್ಲಿ ವರ್ಷಕ್ಕೆ 42, ಹಳೆಯ ಔಷಧಗಳ ಮೇಲಿರುವ ಸಾವಿರ ಮಂದಿಯಲ್ಲಿ 32. ವಯಸ್ಸು, ರೋಗದ ತೀವ್ರತೆ ಮೊದಲಾದುವನ್ನು ಸರಿದೂಗಿಸಿದ ಮೇಲೆ ಉಳಿಯುವ ಹೆಚ್ಚಳವು ಐದರಲ್ಲಿ ಒಂದು ಪಾಲು. ಮೊದಲ ಆರು ತಿಂಗಳಲ್ಲಿ ಮಾತ್ರ ಅದು ಐದರಲ್ಲಿ ನಾಲ್ಕು ಪಾಲು. ಅನಂತರ ಇಳಿಯುವುದಕ್ಕೆ ಕಾರಣಗಳು ಎರಡು: ದುರ್ಬಲರಾದವರು ಆರಂಭದಲ್ಲಿಯೇ ಔಷಧವನ್ನು ಬಿಟ್ಟಿರುತ್ತಾರೆ, ಗುಣ ಕಂಡವರಲ್ಲಿ ಸ್ಟೀರಾಯ್ಡನ್ನು ಇಳಿಸಲಾಗಿರುತ್ತದೆ.

ಈ 32 ಎಂಬ ಅಂಕೆಯನ್ನು ಪೂರ್ವಪಕ್ಷದವರು ಮರೆಯುತ್ತಾರೆ. ಜೈವಿಕ ಔಷಧವನ್ನು ಮುಟ್ಟದವರೂ ನಿರಾತಂಕರಲ್ಲ. ಅಮೆರಿಕದ ರಾಚೆಸ್ಟರಿನಲ್ಲಿ 1955ರಿಂದ 1994ರವರೆಗಿನ, ಎಂದರೆ ಜೈವಿಕ ಔಷಧಗಳೇ ಇಲ್ಲದ ಕಾಲದ, 609 ಸಂಧಿವಾತರೋಗಿಗಳನ್ನು ಇತರರೊಡನೆ ಹೋಲಿಸಿದಾಗ ಸೋಂಕಿನಿಂದ ಆಸ್ಪತ್ರೆಗೆ ಸೇರುವ ಸಂಭವವು ಹತ್ತಿರ ಹತ್ತಿರ ಎರಡು ಮಡಿಯಿತ್ತು. ರೋಗವೇ ರಕ್ಷಣಾಶಕ್ತಿಯನ್ನು ಕದಡಿರುತ್ತದೆ. ಇನ್ನು ಸ್ಟೀರಾಯ್ಡು: ಬ್ರಿಟನ್ನಿನಲ್ಲಿ 2006ರಲ್ಲಿ ಪ್ರಕಟವಾದ ಶೋಧದಂತೆ ಅದನ್ನು ಸೇವಿಸುತ್ತಿರುವವರಿಗೆ ಕ್ಷಯದ ಸಂಭವವು ಸುಮಾರು ಐದು ಮಡಿ. ಚೀಟಿಯಿಲ್ಲದೆಯೂ ಅಂಗಡಿಯಿಂದ ತಂದು ವರ್ಷಗಟ್ಟಲೆ ಆ ಗುಳಿಗೆಯನ್ನು ನುಂಗುತ್ತ, ಜೈವಿಕ ಔಷಧವೆಂದರೆ ಹೆದರುವುದು ವಿಚಿತ್ರವಾದ ಎಚ್ಚರಿಕೆ. ವಾರಕ್ಕೊಮ್ಮೆ ಎಂದು ಬರೆದ ಮೆಥೋಟ್ರೆಕ್ಸೇಟನ್ನು ದಿನಕ್ಕೊಮ್ಮೆ ಎಂದು ತಪ್ಪಾಗಿ ತಿಳಿದು ಪ್ರಾಣ ಕಳೆದುಕೊಂಡವರೂ ಹಲವು ದೇಶಗಳಲ್ಲಿ ಉಂಟು. ಪರಿಚಿತವಾದುದೆಲ್ಲ ನಿರಪಾಯವಲ್ಲ. ಇನ್ನೊಂದು ಕಡೆಯ ತಕ್ಕಡಿಯಲ್ಲಿ ಇಡತಕ್ಕುದೂ ಇದೆ: ಟಿ.ಎನ್.ಎಫ್. ತಡೆಗಳನ್ನು ಪಡೆದ ಸಂಧಿವಾತರೋಗಿಗಳಲ್ಲಿ ಹೃದಯಾಘಾತವು ಹಳೆಯ ಔಷಧಗಳವರಿಗಿಂತ ಶೇಕಡಾ 39ರಷ್ಟು ಕಡಿಮೆಯೆಂದು ಬ್ರಿಟನ್ನಿನ ದಾಖಲೆಯಿಂದ 2017ರಲ್ಲಿ ತಿಳಿದುಬಂದಿತು.

ಗಂತಿಯನ್ನು ಕೊಲ್ಲುವ ಅಂಶವನ್ನೇ ತಡೆದರೆ ಅರ್ಬುದವು ಬೆಳೆಯದೆ ಇದ್ದೀತೆ ಎಂಬ ಶಂಕೆಯು ಹೆಸರಿನಿಂದಲೇ ಹುಟ್ಟತಕ್ಕುದು. ಪರೀಕ್ಷೆಗಳ ಫಲಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟಿಸಿದ ಒಂದು ಗಣನೆಯು ಅರ್ಬುದವು ಮೂರು ಮಡಿ ಹೆಚ್ಚೆಂದು ಹೇಳಿ ಭಯವನ್ನು ಹುಟ್ಟಿಸಿತು. ಆದರೆ ಅದರಲ್ಲಿ ಎಣಿಕೆಗೆ ಬಂದ ಅರ್ಬುದಗಳು ಸ್ವಲ್ಪವೇ. ಅನಂತರ ಸ್ವೀಡನ್, ಬ್ರಿಟನ್ ಮೊದಲಾದ ದೇಶಗಳ ದಾಖಲೆಗಳಲ್ಲಿ ಸಾವಿರಾರು ರೋಗಿಗಳನ್ನು ವರ್ಷಗಟ್ಟಲೆ ನೋಡಿದಾಗ ಒಟ್ಟು ಅರ್ಬುದಗಳಲ್ಲಿ ಅಂತಹ ಹೆಚ್ಚಳವು ಕಾಣಲಿಲ್ಲ. ಇಲ್ಲಿಯ ಕಾಣದಿರುವಿಕೆಯು ದೀಪವಿರುವ ಕೋಣೆಯದು.

ಉಳಿದ ದೋಷಗಳನ್ನು ಸಂಕ್ಷೇಪವಾಗಿ ಹೇಳಬಹುದು. ಹೃದಯದ ಬಲವೇ ಕುಂದಿದವರಿಗೆ ಇನ್‌ಫ್ಲಿಕ್ಸಿಮ್ಯಾಬನ್ನು ಹೆಚ್ಚು ಪ್ರಮಾಣದಲ್ಲಿ ಕೊಟ್ಟಾಗ ಅವರ ಸ್ಥಿತಿ ಕೆಟ್ಟುದರಿಂದ, ಅಂತಹವರಿಗೆ ಇದು ವರ್ಜ್ಯವೆನ್ನಿಸಿತು. ರಿಟುಕ್ಸಿಮ್ಯಾಬ್ ಪ್ರತಿಕಾಯಗಳನ್ನು ಹುಟ್ಟಿಸುವ ಕೋಶಗಳ ವರ್ಗವೊಂದನ್ನೇ ತೆಗೆದುಹಾಕುವುದರಿಂದ, ಅಡಗಿದ್ದ ಬಿ ಜಾತಿಯ ಹೆಪಟೈಟಿಸ್ ಎದ್ದು ಯಕೃತ್ತನ್ನು ಹಾಳುಮಾಡಬಹುದು. ಅಮೆರಿಕದ ಅಧಿಕಾರಿಗಳು 2013ರಲ್ಲಿ ಇದಕ್ಕೆ ಅತ್ಯಂತ ಕಠಿಣವಾದ ಎಚ್ಚರಿಕೆಯನ್ನು ವಿಧಿಸಿದರು. ಟೋಸಿಲಿಜುಮ್ಯಾಬ್ ಜ್ವರವನ್ನೂ ರಕ್ತದಲ್ಲಿಯ ಉರಿಯೂತದ ಗುರುತನ್ನೂ ಅಡಗಿಸುವುದರಿಂದ ಒಳಗೆ ಕೀವು ತುಂಬಿದ್ದರೂ ಹೊರಗೆ ತಿಳಿಯದಿರಬಹುದು. ಕರುಳಿಗೆ ತೂತು ಬೀಳುವುದೂ ಅಪರೂಪವಾಗಿ ಉಂಟು. ಎರಡು ಜೈವಿಕ ಔಷಧಗಳನ್ನು ಕೂಡಿಸಿದರೆ ಗುಣವು ಇಮ್ಮಡಿಯಾದೀತೆಂದು ಎಟನರ್ಸೆಪ್ಟನ್ನೂ ಅನಾಕಿನ್ರಾವನ್ನೂ ಜತೆಗೂಡಿಸಿ ನೋಡಿದರು. 2004ರಲ್ಲಿ ಪ್ರಕಟವಾದ ಫಲವು ಗುಣ ಹೆಚ್ಚಲಿಲ್ಲ, ಸೋಂಕು ಮಾತ್ರ ಹೆಚ್ಚಿತು ಎಂಬುದು.

ಬೆಲೆಯೂ ನಿರಪಾಯತೆಗೆ ಸಂಬಂಧಪಟ್ಟುದೇ. ಹಣ ಸಾಲದೆ ನಡುವೆ ನಿಲ್ಲಿಸಿ ಮತ್ತೆ ತೊಡಗಿದರೆ ಇನ್‌ಫ್ಲಿಕ್ಸಿಮ್ಯಾಬಿನ ಮೇಲೆ ಪ್ರತಿಕಾಯಗಳೇಳುವುದು ಹೆಚ್ಚು. ಮೂಲ ಔಷಧವನ್ನು ಹೋಲುವಂತೆ ಬೇರೆಯವರು ತಯಾರಿಸಿದ ಸದೃಶ ಜೈವಿಕಗಳಿಗಾಗಿ ಭಾರತದಲ್ಲಿ 2012ರಲ್ಲಿ ನಿಯಮಗಳಾದುವು. 2014ರಲ್ಲಿ ಅಹಮದಾಬಾದಿನ ಜೈಡಸ್ ಕಂಪನಿಯು ಅಡಾಲಿಮುಮ್ಯಾಬಿನ ಸದೃಶವನ್ನು ಹೊರತಂದಿತು. ಇವು ಮೂಲದೊಡನೆ ಸಮವೇ ಎಂಬ ಪ್ರಶ್ನೆಗೆ ನಾರ್ವೆ ದೇಶದ ಪರೀಕ್ಷೆಯೊಂದು ಉತ್ತರವನ್ನು ಕೊಡುತ್ತದೆ. ಹಲವು ಬಗೆಯ ರೋಗಗಳಿಗೆ ಮೂಲ ಇನ್‌ಫ್ಲಿಕ್ಸಿಮ್ಯಾಬನ್ನು ಪಡೆಯುತ್ತಿದ್ದ ಸುಮಾರು 480 ಮಂದಿಯಲ್ಲಿ ಅರ್ಧದಷ್ಟು ಜನರನ್ನು ಸದೃಶಕ್ಕೆ ಬದಲಾಯಿಸಿದರು. 2017ರಲ್ಲಿ ತಿಳಿಸಿದಂತೆ ಮೂಲದಲ್ಲಿಯೇ ಉಳಿದವರಲ್ಲಿ ಶೇಕಡಾ 26, ಬದಲಾದವರಲ್ಲಿ ಶೇಕಡಾ 30 ಮಂದಿಗೆ ರೋಗವು ಉಲ್ಬಣಿಸಿತು. ಮೊದಲೇ ಗೊತ್ತುಮಾಡಿದ ಮಿತಿಯೊಳಗೇ ಇದ್ದ ವ್ಯತ್ಯಾಸವಿದು. ನುಂಗುವ ಗುಳಿಗೆಯಾದುದರಿಂದ ಟೋಫಾಸಿಟಿನಿಬನ್ನು ಬಯಸುವವರು ಹೆಚ್ಚು. ಅದು ಜೈವಿಕವಲ್ಲ, ರಾಸಾಯನಿಕ. 50 ವರ್ಷ ಮೀರಿದ, ಹೃದ್ರೋಗಕ್ಕೆ ಕಾರಣವಾಗುವ ಅಂಶಗಳುಳ್ಳ 4,362 ಸಂಧಿವಾತರೋಗಿಗಳಲ್ಲಿ ಅದನ್ನು ಟಿ.ಎನ್.ಎಫ್. ತಡೆಗಳೊಡನೆ ಹೋಲಿಸಿ 2022ರಲ್ಲಿ ಪ್ರಕಟಿಸಿದ ಫಲದಲ್ಲಿ ಅರ್ಬುದವು ಗುಳಿಗೆಯವರಲ್ಲಿ ಶೇಕಡಾ 4.2, ಚುಚ್ಚುಮದ್ದಿನವರಲ್ಲಿ 2.9. ಒಂದು ಕಾಲದಲ್ಲಿ ಅರ್ಬುದದ ಶಂಕೆಗೆ ಗುರಿಯಾಗಿದ್ದುದೇ ಈಗ ಹೋಲಿಕೆಯ ಅಳತೆಗೋಲಾಯಿತು.

ಕೊನೆಯದಾಗಿ ಬಸುರಿಯರ ವಿಷಯ. ಈ ರೋಗವು ಮಕ್ಕಳನ್ನು ಹೆರುವ ವಯಸ್ಸಿನ ಹೆಂಗಸರಲ್ಲಿಯೂ ಬರುವುದರಿಂದ ಇದು ಉಪೇಕ್ಷಿಸತಕ್ಕುದಲ್ಲ. ಮೆಥೋಟ್ರೆಕ್ಸೇಟು ಗರ್ಭಕ್ಕೆ ಘಾತುಕವಾದುದರಿಂದ ಗರ್ಭಧಾರಣೆಗೆ ಮೊದಲೇ ಬಿಡಬೇಕು. ಟಿ.ಎನ್.ಎಫ್. ತಡೆಗಳು ಅಂತಹವಲ್ಲ, ಆದರೆ ಪ್ರತಿಕಾಯಗಳಾದುದರಿಂದ ಗರ್ಭದ ಕೊನೆಯ ತಿಂಗಳುಗಳಲ್ಲಿ ತಾಯಿಯಿಂದ ಮಗುವಿಗೆ ಹರಿದು, ಹುಟ್ಟಿದ ಮೇಲೆಯೂ ಕೆಲವು ತಿಂಗಳು ಅದರ ರಕ್ತದಲ್ಲಿ ಉಳಿಯುತ್ತವೆ. ಸರ್ಟೋಲಿಜುಮ್ಯಾಬಿಗೆ ಮಾತ್ರ ಪ್ರತಿಕಾಯದ ಬಾಲದ ಭಾಗವಿಲ್ಲದುದರಿಂದ ಅದು ಬಹಳ ಅಲ್ಪವಾಗಿ ದಾಟುತ್ತದೆ. ಕರುಳಿನ ಕ್ರೋನ್ ರೋಗಕ್ಕಾಗಿ ಬಸುರಿನುದ್ದಕ್ಕೂ ಇನ್‌ಫ್ಲಿಕ್ಸಿಮ್ಯಾಬನ್ನು ಪಡೆದ ತಾಯಿಯೊಬ್ಬಳ ಶಿಶುವಿಗೆ ಬ್ರಿಟನ್ನಿನಲ್ಲಿ ಮೂರು ತಿಂಗಳ ವಯಸ್ಸಿನಲ್ಲಿ ಬಿ.ಸಿ.ಜಿ. ಲಸಿಕೆಯನ್ನು ಹಾಕಿದರು. ಆ ಲಸಿಕೆಯಲ್ಲಿರುವುದು ಕ್ಷಯದ ಕ್ರಿಮಿಗೆ ದಾಯಾದಿಯಾದ, ಬಲಗುಂದಿದರೂ ಜೀವಂತವಾದ ಕ್ರಿಮಿ. ಅದು ಶರೀರದಲ್ಲೆಲ್ಲ ಹರಡಿ ಶಿಶುವು ನಾಲ್ಕೂವರೆ ತಿಂಗಳಿಗೆ ತೀರಿಹೋಯಿತೆಂದು 2010ರಲ್ಲಿ ಪ್ರಕಟವಾಯಿತು. ಬ್ರಿಟನ್ನಿನಲ್ಲಿ ಮೂರನೆಯ ತಿಂಗಳಿನಲ್ಲಿ ಆದುದು ಭಾರತದಲ್ಲಿ ಹುಟ್ಟಿದ ದಿನವೇ ಆಗಬಹುದು. ಏಕೆಂದರೆ ಇಲ್ಲಿ ಆ ಲಸಿಕೆಯನ್ನು ಹೆರಿಗೆಯ ಆಸ್ಪತ್ರೆಯಲ್ಲಿಯೇ, ಕೇಳದೆಯೇ, ಹಾಕಿಬಿಡುವುದು ವಾಡಿಕೆ. ಇಂತಹ ಔಷಧವನ್ನು ಬಸುರಿನಲ್ಲಿ ಪಡೆದವಳ ಮಗುವಿಗೆ ಕಡೆಯಪಕ್ಷ ಆರು ತಿಂಗಳವರೆಗೆ ಬಿ.ಸಿ.ಜಿ.ಯನ್ನು ತಡೆಹಿಡಿಯತಕ್ಕದ್ದು, ಬಾಯಿಗೆ ಹನಿಯಾಗಿ ಕೊಡುವ ಜೀವಂತ ಲಸಿಕೆಗಳ ವಿಷಯದಲ್ಲಿಯೂ ಮಕ್ಕಳ ವೈದ್ಯರನ್ನು ಮೊದಲು ಕೇಳತಕ್ಕದ್ದು. ಕೀಲಿನ ವೈದ್ಯರು ಬೇರೆ, ಹೆರಿಗೆಯ ವೈದ್ಯರು ಬೇರೆ, ಲಸಿಕೆ ಹಾಕುವ ದಾದಿಯರು ಬೇರೆಯಾಗಿರುವುದರಿಂದ, ಔಷಧದ ಹೆಸರನ್ನೂ ಕಡೆಯ ಚುಚ್ಚುಮದ್ದಿನ ತಾರೀಕನ್ನೂ ತಾಯಿಯ ಕಾರ್ಡಿನ ಮೊದಲ ಪುಟದಲ್ಲಿಯೇ ಬರೆಯಿಸಿ, ಹೆರಿಗೆಗೆ ಹೋಗುವಾಗ ಅದನ್ನು ಮನೆಯ ಹಿರಿಯರ ಕೈಯಲ್ಲಿ ಕೊಟ್ಟಿರಬೇಕು.